ಮನೆಅಳಿಯನ ಪಟ್ಟಾಭಿಷೇಕ

೨೧ ಜನವರಿ ೧೯೭೯, ಭಾನುವಾರ
ಗುಬ್ಬಿ

ಈ ಮನೆಯಲ್ಲಿ ಕಾಫಿಗೂ ಒಂದು ರಾಜಮರ್ಯಾದೆ ಇದೆ. ಮೊದಲ ಡಿಕಾಕ್ಷನ್ನಿನ ಮೊದಲ ಲೋಟ ದೊಡ್ಡ ಭಾವ ಹೊನ್ನಯ್ಯನವರಿಗೆ, ಬೆಳ್ಳಿಯದರಲ್ಲಿ. ಎರಡನೆಯದು ಚಿಕ್ಕ ಭಾವ ವೀರಭದ್ರಯ್ಯನವರಿಗೆ, ಹಿತ್ತಾಳೆಯದರಲ್ಲಿ. ಮೂರನೆಯದು ದೊಡ್ಡ ಭಾವನ ಮಗ ಪಂಚಾಕ್ಷರಿಗೆ, ಸ್ಟೀಲಿನದರಲ್ಲಿ. ಆಮೇಲೆ ಅದೇ ಪುಡಿಯ ಮೇಲೆ ಇನ್ನೊಂದು ಸಲ ಬಿಸಿನೀರು ಹುಯ್ದು, ಇಳಿದದ್ದಕ್ಕೆ ಒಂಚೂರು ಹಾಲು ತೋರಿಸಿ ನನಗೆ ಕೊಡುತ್ತಾರೆ. ನಾನು ಮನೆಅಳಿಯ. ಕುಣಿಗಲ್ಲಿನಿಂದ ಬಿ.ಕಾಂ. ಸರ್ಟಿಫಿಕೇಟು ಹಿಡಿದು ಬಂದವನನ್ನು ಈ ಮನೆಯ ಒಬ್ಬಳೇ ಮಗಳು ವನಜಳಿಗೆ ಕಟ್ಟಿ, ಕೊಬ್ಬರಿ ಮಂಡಿಯ ಲೆಕ್ಕಕ್ಕೆ ಕೂರಿಸಿ ಮೂರು ವರ್ಷವಾಯಿತು.

ಕಾಫಿಯ ಸಾಲೇ ಇವರ ನಾಟಕದ ಸಾಲೂ ಹೌದು. ಇವರ ಅಜ್ಜ ಗುರುಸಿದ್ದಯ್ಯನವರು ಯಾವುದೋ ಕಾಲದಲ್ಲಿ ಯಾವುದೋ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದರಂತೆ. ಅಷ್ಟಕ್ಕೇ ಇದು 'ನಾಟಕದ ಮನೆತನ'. ಪ್ರತಿ ವರ್ಷ ಮಾರ್ಚಿನಲ್ಲಿ ಅಜ್ಜನ ಪುಣ್ಯದಿನಕ್ಕೆ ಮಂಡಿಯ ಮುಂದೆ ಚಪ್ಪರ ಹಾಕಿ 'ಪ್ರಚಂಡವರ್ಮ ಅರ್ಥಾತ್ ಪಟ್ಟಾಭಿಷೇಕ ಪ್ರಭಾವ' ಎಂಬ ಒಂದೇ ನಾಟಕವನ್ನು ಆಡುತ್ತಾರೆ. ಪಾತ್ರ ಹಂಚುವುದಕ್ಕೆ ಯಾರಿಗೆ ಕಂಠ ಇದೆ, ಯಾರಿಗೆ ಕಾಲು ನಡುಗುತ್ತದೆ ಎಂದು ನೋಡುವ ಪದ್ಧತಿಯೇ ಇಲ್ಲ. ಮನೆಗೆ ಹಿರಿಯನಾದವನು ಚಕ್ರವರ್ತಿ. ಅವನ ತಮ್ಮ ಮಹಾಮಂತ್ರಿ. ಮಗ ಸೇನಾಧಿಪತಿ. ರಾಣಿಯನ್ನು ಹೊರಗಿನಿಂದ ಕರೆಸುತ್ತಾರೆ, ಏಕೆಂದರೆ ಮನೆಯ ಹೆಂಗಸರು ಸಿಂಹಾಸನದ ಮೇಲೆ ಕೂರುವಂತಿಲ್ಲ. ಅಷ್ಟೂ ಜನಕ್ಕೆ ಅಡುಗೆ ಮಾಡಬಹುದು. ನಾನು ದ್ವಾರಪಾಲಕ. 'ಮಹಾಪ್ರಭುಗಳೇ, ಮಹಾಮಂತ್ರಿಗಳು ದರ್ಶನಕ್ಕೆ ಕಾದಿದ್ದಾರೆ' ಎಂದು ಹೇಳಿ ಈಟಿ ಹಿಡಿದು ನಿಲ್ಲುತ್ತೇನೆ. ನಾಟಕ ಮುಗಿಯುವವರೆಗೂ ನಿಂತಿರುತ್ತೇನೆ.

ಇನ್ನು ಸಾಕು. ನನ್ನ ಜೊತೆ ತುಮಕೂರಿನಲ್ಲಿ ಓದಿದ ಏಜಾಜ್ ಅಹಮದ್ ಅಲ್ಲೇ ಪಕ್ಕದ ಸತ್ಯಮಂಗಲದಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಸಣ್ಣ ಫ್ಯಾಕ್ಟರಿ ಇಟ್ಟಿದ್ದಾನೆ. ಏಪ್ರಿಲ್ ಎರಡಕ್ಕೆ ಸ್ಟೋರ್ ಕೀಪರಾಗಿ ಬಾ ಎಂದಿದ್ದಾನೆ. ವನಜಳಿಗೆ ಹೇಳಿದೆ. ಅವಳು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು, ಆಮೇಲೆ ಅತ್ತಳು. ತನ್ನದು ಅಂತ ಒಂದು ಒಲೆ ಇರಬೇಕು, ಯಾರಿಗೆ ಮೊದಲು ಬಡಿಸಬೇಕು ಅಂತ ಯಾರನ್ನೂ ಕೇಳದೆ ಬಡಿಸಬೇಕು, ಅಷ್ಟೇ ತನ್ನ ಆಸೆ ಎಂದಳು. ಹುಟ್ಟಿದ ಮನೆಯಲ್ಲೇ ಅವಳ ಊಟ ಎಲ್ಲರಿಗಿಂತ ಕೊನೆಗೆ, ನನ್ನನ್ನು ಕಟ್ಟಿಕೊಂಡ ತಪ್ಪಿಗೆ. ಪಾಪ. ಅವಳನ್ನು ಇಲ್ಲಿಂದ ಕರೆದುಕೊಂಡು ಹೋಗದಿದ್ದರೆ ನಾನು ಗಂಡಸೇ ಅಲ್ಲ.

೨೯ ಜನವರಿ

ಹೋಗಬೇಕಾದರೆ ದೊಡ್ಡ ಭಾವನ ಅಪ್ಪಣೆ ಬೇಕು. ಅಪ್ಪಣೆ ಕೇಳೋಣವೆಂದರೆ ಅವರಿಗೆ ಮಾತೇ ಇಲ್ಲ. ವರ್ಷಗಟ್ಟಲೆ 'ಎಲೈ ದುರುಳರಿರಾ' ಎಂದು ಕಿರುಚಿ ಗಂಟಲಲ್ಲಿ ಗಂಟು ಬಂದಿದೆಯಂತೆ. ತುಮಕೂರಿನ ಡಾಕ್ಟರು ಯುಗಾದಿ ಕಳೆಯುವವರೆಗೆ ಒಂದಕ್ಷರ ಆಡಕೂಡದು ಎಂದು ಹೇಳಿ ಕಳಿಸಿದ್ದಾರೆ. ಈಗ ಅವರು ಜಗಲಿಯಲ್ಲಿ ಸ್ಲೇಟು ಹಿಡಿದು ಕುಳಿತು ಮನೆ ಆಳುತ್ತಿದ್ದಾರೆ. ಬರೆಯುವುದು, ಎತ್ತಿ ತೋರಿಸುವುದು, ಅಂಗೈಯಿಂದ ಒರೆಸುವುದು. ಅಂಗೈ ಬೂದಿ ಬಳಿದಂತಾಗಿದೆ. ಮೊದಲಿಗಿಂತ ಹೆಚ್ಚು ಹೆದರಿಕೆ ಹುಟ್ಟುತ್ತದೆ, ಏಕೆಂದರೆ ಸ್ಲೇಟಿಗೆ ಎದುರು ಮಾತಾಡುವುದು ಹೇಗೆಂದು ಯಾರಿಗೂ ಗೊತ್ತಿಲ್ಲ.

ಧೈರ್ಯ ಮಾಡಿ ತುಮಕೂರಿನ ವಿಷಯ ಎತ್ತಿದೆ. 'ನಾಟಕ ಮುಗಿಯಲಿ' ಎಂದು ಬರೆದು ತೋರಿಸಿದರು.

೪ ಫೆಬ್ರವರಿ, ಭಾನುವಾರ

ಚಕ್ರವರ್ತಿಗೆ ಮಾತಿಲ್ಲ ಅಂದಮೇಲೆ ಸಿಂಹಾಸನ ಯಾರಿಗೆ? ಇವತ್ತು ಇಡೀ ದಿನ ನಡುಮನೆಯಲ್ಲಿ ಇದೇ ರಾಮಾಯಣ. ಅಣ್ಣನ ನಂತರ ತಮ್ಮ, ಅದು ಮನೆತನದ ಧರ್ಮ ಎಂದು ಚಿಕ್ಕ ಭಾವ. ಅಪ್ಪನ ನಂತರ ಮಗ, ಅದು ಲೋಕದ ಧರ್ಮ ಎಂದು ಪಂಚಾಕ್ಷರಿ. ನಾಟಕದ ವಿಷಯ ಹೋಗಿ ಮಂಡಿಯ ವಿಷಯ ಬಂತು, ಮಂಡಿಯ ವಿಷಯ ಹೋಗಿ ಯಾರ ಹೆಂಡತಿ ಯಾರ ಹಪ್ಪಳಕ್ಕೆ ಉಪ್ಪು ಜಾಸ್ತಿ ಹಾಕಿದಳು ಎಂಬಲ್ಲಿಗೆ ಮುಟ್ಟಿತು. ದೊಡ್ಡ ಭಾವ ಏನೋ ಬರೆದು ಎತ್ತಿ ತೋರಿಸುತ್ತಲೇ ಇದ್ದರು. ಯಾರೂ ತಿರುಗಿ ನೋಡಲಿಲ್ಲ.

ಸಾಯಂಕಾಲ ಅತ್ತೆ ಸಿದ್ದಗಂಗಮ್ಮನವರು ಉಗ್ರಾಣದಿಂದ ಹೊರಗೆ ಬಂದರು. ಅರವತ್ತೈದು ದಾಟಿದೆ. ಈ ಮನೆಯಲ್ಲಿ ಚಕ್ರವರ್ತಿ ಯಾರಾದರೂ ಆಗಲಿ, ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತದೆ. ಬಂದವರು ನನ್ನನ್ನು ನೋಡಿ, ಅಳಿಯಂದಿರು ಕುಂತುಕೊಳ್ಳಲಿ ಎಂದು ಹೇಳಿ ಹಾಗೇ ಒಳಗೆ ಹೋದರು. ಮಾತು ಮುಗಿಯಿತು. ಇನ್ನೊಬ್ಬನಿಗೆ ಸಿಗಲಿಲ್ಲವಲ್ಲ ಎಂಬ ಸಂತೋಷ ಚಿಕ್ಕ ಭಾವ, ಪಂಚಾಕ್ಷರಿ ಇಬ್ಬರ ಮುಖದಲ್ಲೂ ಕಾಣುತ್ತಿತ್ತು.

ಚಕ್ರವರ್ತಿ ಪ್ರಚಂಡವರ್ಮ, ನಾನು! ನಗು ತಡೆಯಲಾಗುತ್ತಿಲ್ಲ. ಏಜಾಜನಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಾನೆ.

೫ ಫೆಬ್ರವರಿ

ತನ್ನ ಅವ್ವ ಅಡುಗೆಮನೆಯಲ್ಲಿ ಅಂದದ್ದನ್ನು ವನಜ ಬಂದು ಹೇಳಿದಳು. 'ಅಳಿಯನ್ನ ಕೂರಿಸ್ರೇ. ಅವನ್ನ ಇಳ್ಸೋದು ಸುಲ್ಬ.'

ವಯಸ್ಸಾದವರು ಏನೇನೋ ಅನ್ನುತ್ತಾರೆ. ಒಳಗೆ ನನ್ನ ಮೇಲೆ ವಿಶ್ವಾಸ ಇಲ್ಲದೆ ಕೂರಿಸುತ್ತಾರೆಯೇ?

೧೧ ಫೆಬ್ರವರಿ, ಭಾನುವಾರ

ತುಮಕೂರಿಗೆ ಹೋಗಿ ಬಂದೆವು. ಡ್ರೆಸ್ಸು ನೋಡಬೇಕು ಎಂಬ ನೆಪ. ವನಜಳನ್ನೂ ಕರೆದುಕೊಂಡು ಹೋದೆ. ನಯಾಜ್ ಸಾಬರ ಅಂಗಡಿಯಲ್ಲಿ ಪರದೆ, ಗದೆ, ಗಡ್ಡ, ಸಿಂಹಾಸನ ಎಲ್ಲ ಬಾಡಿಗೆಗೆ ಸಿಗುತ್ತದೆ. ನಾಲ್ಕು ತಾಲ್ಲೂಕಿನ ಅಷ್ಟೂ ರಾಜರಿಗೆ ಕಿರೀಟ ಇಡುವವರು ಇವರೇ. ದೊಡ್ಡ ಭಾವನ ಕಿರೀಟ ನನ್ನ ತಲೆಗಿಟ್ಟರೆ ಮೂಗಿನವರೆಗೆ ಇಳಿಯಿತು. ಬೇರೆ ಸೈಜು ಕೊಡಿ ಎಂದೆ.

'ರಾಜ್ರುಗೆಲ್ಲ ಒಂದೇ ಸೈಜು ಸ್ವಾಮಿ,' ಎಂದರು ಸಾಬರು. 'ತಲೆ ಚಿಕ್ಕದಾದ್ರೆ ಒಳಗೆ ಟವಲ್ ತುರುಕ್ತೀವಿ. ಸುಮಾರು ಜನಕ್ಕೆ ಟವಲ್ಲೇ.'

ಟವಲ್ ತುರುಕಿಸಿಕೊಂಡು ಅವರ ದೊಡ್ಡ ಕನ್ನಡಿಯಲ್ಲಿ ನೋಡಿಕೊಂಡೆ. ಪರವಾಗಿಲ್ಲ. ವನಜ ಎರಡು ಸಲ ಕರೆದಳಂತೆ, ನನಗೆ ಕೇಳಿಸಲಿಲ್ಲ.

ಆಮೇಲೆ ಮನೆ ನೋಡಿದೆವು. ಮಹಾಲಕ್ಷ್ಮಮ್ಮ ಎಂಬ ರಿಟೈರಾದ ಟೀಚರು, ಹಿಂದಿನ ಭಾಗ ಬಾಡಿಗೆಗೆ ಕೊಡುತ್ತಾರೆ. ಎರಡು ಕೋಣೆ, ಹಿತ್ತಲಲ್ಲಿ ನಲ್ಲಿ. ವನಜ ಅಡುಗೆಮನೆಗೆ ಹೋದವಳು ಹೊರಗೇ ಬರಲಿಲ್ಲ. ಹೋಗಿ ನೋಡಿದರೆ ಒಲೆಕಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ನಿಂತಿದ್ದಳು. ಏಪ್ರಿಲ್ ಒಂದಕ್ಕೆ ಬರುತ್ತೇವೆ ಎಂದು ಅವಳೇ ಮಾತು ಕೊಟ್ಟಳು.

ಬಸ್ಸಿನಲ್ಲಿ ಬರುವಾಗ ಅವಳು ಆ ಮನೆಗೆ ಎಷ್ಟು ಪಾತ್ರೆ ಬೇಕು ಎಂದು ಹೇಳುತ್ತಿದ್ದಳು. ನಾನು ಎರಡನೇ ಅಂಕದ ಮಾತು ಉರು ಹೊಡೆಯುತ್ತಿದ್ದೆ.

೧೮ ಫೆಬ್ರವರಿ

ಪ್ರಾಕ್ಟೀಸು ನಿಂತಿದೆ. ಕಾರಣ: ಮೊದಲನೇ ಅಂಕದಲ್ಲಿ ಮಹಾಮಂತ್ರಿ ಬಂದು ಚಕ್ರವರ್ತಿಗೆ ಬಾಗಿ ನಮಸ್ಕರಿಸಬೇಕು. ಇಷ್ಟು ವರ್ಷ ತಮ್ಮ ಅಣ್ಣನಿಗೆ ಬಾಗುತ್ತಿದ್ದ, ಯಾರಿಗೂ ತೊಂದರೆ ಇರಲಿಲ್ಲ. ಈಗ ಚಿಕ್ಕ ಭಾವ ತಂಗಿಯ ಗಂಡನಿಗೆ, ಅದೂ ಮನೆಯಲ್ಲೇ ಇಟ್ಟುಕೊಂಡ ಗಂಡನಿಗೆ, ಊರೆದುರಿಗೆ ಬಾಗುವುದು ಹೇಗೆ? ಬಾಗುವುದಿಲ್ಲ ಎಂದುಬಿಟ್ಟರು. ಮಂತ್ರಿ ಬಂದಾಗ ಚಕ್ರವರ್ತಿಯೇ ಎದ್ದು ನಿಲ್ಲಲಿ ಎಂದು ಸಲಹೆ ಕೊಟ್ಟರು. ಎದ್ದು ನಿಲ್ಲುವ ಚಕ್ರವರ್ತಿ ಎಲ್ಲಿದ್ದಾನೆ ಎಂದು ನಾನು ಕೇಳಿದೆ. ಕೊಂಚ ಜೋರಾಗಿಯೇ ಕೇಳಿದೆ ಅಂತ ಕಾಣುತ್ತದೆ, ಅಡುಗೆಮನೆಯಲ್ಲಿ ರುಬ್ಬುವ ಸದ್ದು ನಿಂತಿತು.

ಕೊನೆಗೆ ದೊಡ್ಡ ಭಾವ ಸ್ಲೇಟಿನಲ್ಲಿ ದಾರಿ ತೋರಿಸಿದರು. ಸಿಂಹಾಸನದ ಹಿಂದೆ, ನನ್ನ ತಲೆಯ ಮೇಲ್ಗಡೆ, ಅಜ್ಜ ಗುರುಸಿದ್ದಯ್ಯನವರ ಫೋಟೋ ತೂಗುಹಾಕುವುದು. ಚಿಕ್ಕ ಭಾವ ಬಾಗುವುದು ಫೋಟೋಕ್ಕೆ. ನೋಡುವವರಿಗೆ ಚಕ್ರವರ್ತಿಗೆ ಬಾಗಿದಂತೆ ಕಾಣುತ್ತದೆ, ಮನೆಯವರಿಗೆ ಅಜ್ಜನಿಗೆ ಬಾಗಿದಂತೆ ಗೊತ್ತಿರುತ್ತದೆ. ಪ್ರಚಂಡವರ್ಮನ ಆಸ್ಥಾನದಲ್ಲಿ ಕರೀ ಕೋಟು ತೊಟ್ಟ ಪರದೆ ಎಳೆಯುವವನ ಫೋಟೋ. ಯಾರಿಗೂ ನಗು ಬರಲಿಲ್ಲ. ಮೊದಲಾಗಿದ್ದರೆ ನಾನಾದರೂ ನಗುತ್ತಿದ್ದೆ. ಆದರೆ ಇದರಲ್ಲಿ ನಗುವಂಥದ್ದೇನಿದೆ, ಸಿಂಹಾಸನದ ಗೌರವದ ಪ್ರಶ್ನೆ.

೨೫ ಫೆಬ್ರವರಿ

ಇವತ್ತು ನನಗೂ ಮೊದಲ ಡಿಕಾಕ್ಷನ್ನಿನ ಕಾಫಿ ಬಂತು. ಗಂಟಲಿಗೆ ಬಿಸಿ ಬೀಳಲಿ, ಡೈಲಾಗು ಹೇಳಬೇಕಲ್ಲ ಎಂದು ಅತ್ತೆಯವರೇ ಕಳಿಸಿದರು. ಹೀಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮೂರು ವರ್ಷ ನಾನು ಕುಡಿದದ್ದು ಏನು?

೩ ಮಾರ್ಚ್

ನನ್ನ ಹಳೆಯ ಪಾತ್ರಕ್ಕೆ ಮಂಡಿಯ ಹಮಾಲಿ ದ್ಯಾವಪ್ಪನನ್ನು ಹಾಕಿದ್ದಾರೆ. ಆಳು ಗಟ್ಟಿ, ಎರಡು ಮೂಟೆ ಒಟ್ಟಿಗೆ ಎತ್ತುತ್ತಾನೆ, ಆದರೆ ದ್ವಾರಪಾಲಕನಿಗೆ ಬೇಕಾದ ವಿನಯ ಇಲ್ಲ. 'ಮಹಾಪ್ರಭುಗಳೇ' ಎನ್ನುವಾಗ ತಲೆ ಎತ್ತಿ ನನ್ನ ಮುಖವನ್ನೇ ನೋಡುತ್ತಾನೆ. ನೆಲ ನೋಡಿ ಹೇಳಯ್ಯ ಎಂದೆ. ಮತ್ತೆ ಮತ್ತೆ ಹೇಳಿಸಿದೆ. ಅವನಿಗೆ ಮೂಟೆ ಇಳಿಸುವ ಕೆಲಸ ಬಾಕಿ ಇತ್ತಂತೆ, ಲಾರಿ ಕಾಯುತ್ತಿತ್ತಂತೆ. ಕಾಯಲಿ.

ವನಜ ಊಟಕ್ಕೆ ಬಡಿಸುವಾಗ, ಏಜಾಜರಿಗೆ ಬರುತ್ತೇನೆ ಅಂತ ಒಂದು ಕಾಗದ ಹಾಕಿದಿರಾ ಎಂದು ಕೇಳಿದಳು. ರಾಜಕಾರ್ಯದ ನಡುವೆ ಇಂಥ ವಿಚಾರ ತರಬೇಡ ಎಂದೆ. ತಮಾಷೆಗೇ ಹೇಳಿದ್ದು. ಅವಳು ಸಾರಿನ ಸೌಟು ಕೆಳಗಿಟ್ಟು ಒಳಗೆ ಹೋದಳು. ಆಮೇಲೆ ಸಾರು ನಾನೇ ಹಾಕಿಕೊಳ್ಳಬೇಕಾಯಿತು. ಈ ಮನೆಯ ಹೆಂಗಸರಿಗೆ ನಾಟಕದ ಗಂಧವೇ ಇಲ್ಲ.

೧೨ ಮಾರ್ಚ್

ಬೆಳಿಗ್ಗೆ ಪೇಪರು ನನಗೆ ಮೊದಲು ಕೊಡಲಿಲ್ಲ. ಪಂಚಾಕ್ಷರಿ ಓದುತ್ತಿದ್ದ. ನಾನು ಎದುರಿಗೆ ಹೋಗಿ ನಿಂತೆ. ಕೊಟ್ಟ.

೧೮ ಮಾರ್ಚ್, ಭಾನುವಾರ

ನೆನ್ನೆ ಸಾಯಂಕಾಲ ನಡೆದದ್ದನ್ನು ಪೂರ್ತಿ ಬರೆದಿಡಬೇಕು. ಮುಂದಿನವರಿಗೆ ಬೇಕಾಗುತ್ತದೆ.

ಚಪ್ಪರ ತುಂಬಿತ್ತು. ಕಡಬದಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ದೊಡ್ಡ ಭಾವ ಮುಂದಿನ ಸಾಲಿನಲ್ಲಿ ಶಾಲು ಹೊದ್ದು, ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು ಕುಳಿತಿದ್ದರು. ಪರದೆ ಎದ್ದಿತು, ನಾನು ಸಿಂಹಾಸನದಲ್ಲಿ. ಆ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಎದುರಿಗಿದ್ದವರು ಯಾರೂ ಕಾಣುವುದಿಲ್ಲ, ಬರೀ ಕೆಮ್ಮು ಕೇಳಿಸುತ್ತದೆ. ದ್ಯಾವಪ್ಪ ಬಂದು, ನೆಲ ನೋಡಿಕೊಂಡೇ, ಮಹಾಮಂತ್ರಿಗಳು ಕಾದಿದ್ದಾರೆ ಎಂದ. ಬರಹೇಳು ಎಂದೆ. ಚಿಕ್ಕ ಭಾವ ಬಂದರು. ಬಂದು, ಬಾಗುವುದಕ್ಕೆ ಮುಂಚೆ ತಲೆ ಎತ್ತಿ ನನ್ನ ಮೇಲ್ಗಡೆ ನೋಡಿದರು. ಅಲ್ಲೇ ನಿಂತುಬಿಟ್ಟರು.

ಅಜ್ಜನ ಫೋಟೋ ಇರಲಿಲ್ಲ. ಪಂಚಾಕ್ಷರಿ ಮೊದಲ ಗಂಟೆ ಹೊಡೆದಾಗಲೇ ಬಿಚ್ಚಿ ಗ್ರೀನ್ ರೂಮಿನಲ್ಲಿ ಗೋಡೆಗೆ ತಿರುಗಿಸಿ ಇಟ್ಟಿದ್ದನಂತೆ, ಚಿಕ್ಕಪ್ಪ ಏನು ಮಾಡ್ತಾರೆ ನೋಡೋಣ ಅಂತ. ಚಿಕ್ಕ ಭಾವ ಬಾಗಿದರೆ ನನಗೇ ಬಾಗಿದ ಹಾಗೆ. ಬಾಗದಿದ್ದರೆ ನಾಟಕ ಮುಂದಕ್ಕೆ ಹೋಗುವ ಹಾಗಿಲ್ಲ. ಅವರು ಕಂಬದ ಹಾಗೆ ನಿಂತರು. ಸೈಡಿನಿಂದ ಯಾರೋ 'ಬಗ್ಗಿ, ಬಗ್ಗಿ' ಎಂದು ಹೇಳಿಕೊಡುತ್ತಿದ್ದರು. ಹಾರ್ಮೋನಿಯಂನವನು ಅದೇ ಸ್ವರವನ್ನು ಎಳೆದೂ ಎಳೆದೂ ಸುಸ್ತಾದ. ಜನ ಶಿಳ್ಳೆ ಹಾಕಿದರು. ಯಾರೋ ಒಬ್ಬ, ಮಂತ್ರಿಗೆ ಸೊಂಟ ಹಿಡ್ಕಂಡದೆ ಎಂದು ಕೂಗಿದ.

ಮೂರು ವರ್ಷದ ನೀರು ಕಾಫಿ ಒಟ್ಟಿಗೆ ಗಂಟಲಿಗೆ ಬಂತು. ಪುಸ್ತಕದಲ್ಲಿ ಇಲ್ಲದ ಮಾತು ಬಾಯಿಂದ ಬಂದೇಬಿಟ್ಟಿತು.

'ಯಾರಲ್ಲಿ! ಈ ಅವಿಧೇಯನನ್ನು ಎಳೆದೊಯ್ದು ಕಾರಾಗೃಹಕ್ಕೆ ತಳ್ಳಿರಿ!'

ದ್ಯಾವಪ್ಪ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಈಟಿ ಪಕ್ಕಕ್ಕಿಟ್ಟು ಚಿಕ್ಕ ಭಾವನನ್ನು ಕೊಬ್ಬರಿ ಮೂಟೆ ಎತ್ತುವ ಹಾಗೆ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ಅವನ ಹಿಂದೆ ಇನ್ನಿಬ್ಬರು ಸೈನಿಕರು, ಅವರೂ ಮಂಡಿಯವರೇ, ಕಾಲು ಹಿಡಿದುಕೊಂಡರು. ದಿನಾ ಬೈಗುಳ ತಿನ್ನುವವರಿಗೆ ರಾಜಾಜ್ಞೆ ಪಾಲಿಸುವುದರಲ್ಲಿ ಎಷ್ಟು ಉತ್ಸಾಹ ಇರುತ್ತದೆ ಎಂದು ನೆನ್ನೆ ಕಂಡೆ. ಗ್ರೀನ್ ರೂಮಿಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದರಂತೆ. ಚಪ್ಪರ ಹಾರಿಹೋಗುವಂಥ ಚಪ್ಪಾಳೆ. ಪಂಚಾಕ್ಷರಿ ಓಡಿಬಂದು ನನ್ನ ಕಾಲಿಗೇ ಬಿದ್ದ, ಅದೂ ಪುಸ್ತಕದಲ್ಲಿರಲಿಲ್ಲ. ಮಂತ್ರಿ ಸೆರೆಯಲ್ಲಿದ್ದುದರಿಂದ ಅವರ ಸಂಚಿನ ದೃಶ್ಯಗಳೆಲ್ಲ ಬಿಟ್ಟುಹೋಗಿ ನಾಟಕ ಬೇಗ ಮುಗಿಯಿತು. ಊರಿನವರು, ಇಷ್ಟು ವರ್ಷದಲ್ಲಿ ಇದೇ ಚೆನ್ನಾಗಿತ್ತು ಎಂದರು.

ದೊಡ್ಡ ಭಾವ ಶಾಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಅಭಿನಯ ಅಷ್ಟು ಮುಟ್ಟಿತೆಂದು ಕಾಣುತ್ತದೆ.

ವನಜ ಮಾತ್ರ ಬಣ್ಣ ತೆಗೆಯಲು ಎಣ್ಣೆ ತಂದಿಟ್ಟು ಹೋದಳು.

೨೧ ಮಾರ್ಚ್

ಬೆಳಿಗ್ಗೆ ದೊಡ್ಡ ಭಾವ ಕರೆಸಿದರು. ಸ್ಲೇಟಿನ ಮೇಲೆ ಮೊದಲೇ ಬರೆದಿಟ್ಟಿದ್ದರು. 'ನೀವು ತುಮಕೂರಿಗೆ ಹೋಗಬಹುದು.' ನಾನು ಓದಿದ ಮೇಲೆ ಕೆಳಗೆ ಇನ್ನೊಂದು ಪದ ಸೇರಿಸಿದರು. 'ಬೇಗ.'

ನನಗೆ ಎಲ್ಲ ಅರ್ಥವಾಯಿತು. ಊರೆಲ್ಲ ನನ್ನ ಹೆಸರು ಹೇಳುತ್ತಿರುವ ಈ ಸಮಯದಲ್ಲಿ ನನ್ನನ್ನು ಗಡೀಪಾರು ಮಾಡುವ ಸಂಚು. ಚಿಕ್ಕ ಭಾವ ಮೂರು ದಿನದಿಂದ ನನ್ನ ಜೊತೆ ಪಂಕ್ತಿಯಲ್ಲಿ ಕೂರುತ್ತಿಲ್ಲ, ಒಳಗೇ ತರಿಸಿಕೊಂಡು ಉಣ್ಣುತ್ತಾರೆ. ಅವರೇ ಅಣ್ಣನ ಕಿವಿ ಊದಿರಬೇಕು. ನಾಟಕದ ಮೂರನೇ ಅಂಕದಲ್ಲೂ ಹೀಗೇ ಆಗುತ್ತದೆ, ದಿಗ್ವಿಜಯ ಮಾಡಿ ಬಂದ ರಾಜಕುಮಾರನನ್ನು ತೀರ್ಥಯಾತ್ರೆಗೆ ಕಳಿಸುತ್ತಾರೆ.

ಹೋಗುವುದಿಲ್ಲ. ಸಿಂಹಾಸನ ಬಿಟ್ಟು ಹೋದವನಿಗೆ ಮತ್ತೆ ಅದು ಸಿಗುವುದಿಲ್ಲ. ಮುಂದಿನ ವರ್ಷದ ನಾಟಕಕ್ಕೆ ನಾನು ಇಲ್ಲೇ ಇರಬೇಕು.

೧ ಏಪ್ರಿಲ್, ಭಾನುವಾರ

ವನಜ ಹೊರಟುಹೋದಳು.

ಒಂದು ವಾರದಿಂದ ಜಗಳ. ನೀವು ಹೇಳಿದ್ದೆಲ್ಲ ಆಯಿತಲ್ಲ, ನಾಟಕ ಮುಗಿಯಿತು, ದೊಡ್ಡಣ್ಣ ಒಪ್ಪಿದರು, ಇನ್ನೇನು ಅಡ್ಡಿ ಎಂದು ಅವಳದು ಒಂದೇ ರಾಗ. ಇದರೊಳಗಿನ ಸೂಕ್ಷ್ಮ ನಿನಗೆ ತಿಳಿಯುವುದಿಲ್ಲ ಎಂದೆ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಟ್ರಂಕು ಕಟ್ಟಿಟ್ಟು ಬಾಗಿಲಲ್ಲಿ ನಿಂತಿದ್ದಳು. ಯಾರ ಅಪ್ಪಣೆಯ ಮೇಲೆ ಹೊರಟೆ ಎಂದು ಕೇಳಿದೆ. ದರ್ಬಾರಿನ ದನಿಯೇ ಬಂತು. ನನಗೆ ಈಚೆಗೆ ಅದೇ ದನಿ ಬರುತ್ತದೆ, ಗಂಟಲು ಪಳಗಿದೆ.

'ಈ ಮನೇಲಿ ದೊಡ್ಡಣ್ಣನ ದರ್ಬಾರಾಯ್ತು, ಚಿಕ್ಕಣ್ಣನ ದರ್ಬಾರಾಯ್ತು,' ಎಂದಳು. ಜೋರಾಗಿ ಹೇಳಲಿಲ್ಲ. 'ನೀವು ಒಬ್ರಾದ್ರೂ ಹಂಗಲ್ಲ ಅಂದ್ಕಂಡಿದ್ದೆ. ನಾನು ಆ ಟೀಚರಮ್ಮನಿಗೆ ಬರ್ತೀನಿ ಅಂತ ಮಾತು ಕೊಟ್ಟಿದೀನಿ. ಬರೋದಾದ್ರೆ ಬನ್ನಿ, ಇಲ್ದಿದ್ರೆ ಬುಡಿ.'

ದ್ಯಾವಪ್ಪ ಟ್ರಂಕು ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಹೋದ. ನನ್ನನ್ನು ಕೇಳಲೇ ಇಲ್ಲ.

ಎರಡು ದಿನಕ್ಕೆ ತಿರುಗಿ ಬರುತ್ತಾಳೆ. ಒಬ್ಬಳೇ ಹೆಂಗಸು ಅಲ್ಲಿ ಏನು ಮಾಡುತ್ತಾಳೆ?

೨ ಏಪ್ರಿಲ್

ಇವತ್ತು ಸತ್ಯಮಂಗಲದಲ್ಲಿ ಕೆಲಸಕ್ಕೆ ಸೇರಬೇಕಾಗಿದ್ದ ದಿನ. ಹೋಗಲಿಲ್ಲ. ಮಧ್ಯಾಹ್ನ ಮಲಗಿದೆ, ನಿದ್ದೆ ಬರಲಿಲ್ಲ. ಅವಳ ಕೂದಲಿನ ಎಣ್ಣೆಯ ವಾಸನೆ ದಿಂಬಿಗಿದೆ.

೯ ಏಪ್ರಿಲ್

ದೊಡ್ಡ ಭಾವನಿಗೆ ಮಾತು ಬಂತು. ಡಾಕ್ಟರು ಅಪ್ಪಣೆ ಕೊಟ್ಟರಂತೆ. ಮನೆಯವರೆಲ್ಲ ಜಗಲಿಯಲ್ಲಿ ಸೇರಿದ್ದರು, ಮೊದಲ ಮಾತು ಏನು ಬರುತ್ತದೋ ಎಂದು. ದೇವರ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆವು. ಅವರು ನನ್ನ ಕಡೆ ತಿರುಗಿ, ಕೊಬ್ಬರಿ ಲೋಡಿನ ಲೆಕ್ಕ ಯಾಕೆ ಬರೆದಿಲ್ಲ ಎಂದು ಕೇಳಿದರು. ದನಿ ಮೊದಲಿಗಿಂತ ದಪ್ಪವಾಗಿದೆ. ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ.

ಮುಂದಿನ ವರ್ಷಕ್ಕೆ ಚಕ್ರವರ್ತಿ ಅವರೇ, ಮಂತ್ರಿ ಚಿಕ್ಕ ಭಾವನೇ ಎಂದು ಅಲ್ಲೇ ತೀರ್ಮಾನವಾಯಿತು. ದ್ವಾರಪಾಲಕ ದ್ಯಾವಪ್ಪನೇ ಇರಲಿ, ಜನ ಅವನನ್ನು ಕೇಳುತ್ತಿದ್ದಾರೆ ಎಂದು ಪಂಚಾಕ್ಷರಿ ಹೇಳಿದ. ನನ್ನ ವಿಷಯ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಂಜೆ ಮಂಡಿಗೆ ಏಜಾಜನ ಲಾರಿಯವನು ಬಂದಿದ್ದ. ಹೊಸ ಸ್ಟೋರ್ ಕೀಪರಮ್ಮ ಬಲು ಕಟ್ಟುನಿಟ್ಟು, ಒಂದು ಬೋಲ್ಟು ಹೆಚ್ಚುಕಮ್ಮಿಯಾದರೂ ಗೇಟು ದಾಟಲು ಬಿಡುವುದಿಲ್ಲ ಎಂದು ಹೇಳಿದ. ಯಾರಯ್ಯ ಅದು ಎಂದು ಕೇಳಿದೆ.

ವನಜಮ್ಮ ಅಂತೆ. ಗಂಡನಿಗೆ ಬರಲು ಆಗುವುದಿಲ್ಲ, ಆ ಕೆಲಸ ನನಗೇ ಕೊಡಿ, ನಾನು ಎಸ್ಸೆಸ್ಸೆಲ್ಸಿ ಪಾಸು ಎಂದು ಎರಡನೇ ತಾರೀಖು ಬೆಳಿಗ್ಗೆಯೇ ಹೋಗಿ ಕೇಳಿದಳಂತೆ.

ನನ್ನ ಕೆಲಸ ಅದು. ನನಗೆ ಒಂದು ಮಾತು ತಿಳಿಸಬೇಡವೇ ಆ ಏಜಾಜ್? ಸಿಟ್ಟು ಬಂದಿದೆ. ಸಿಟ್ಟೇ ಇರಬೇಕು. ಊಟ ಸೇರಲಿಲ್ಲ.

೧೫ ಏಪ್ರಿಲ್

ಕಾಫಿ ಬರುವುದು ನಿಂತಿದೆ. ಎರಡನೆಯ ಡಿಕಾಕ್ಷನ್ನಿನದೂ ಇಲ್ಲ. ಅದನ್ನು ನನಗೆ ತಂದುಕೊಡುತ್ತಿದ್ದವಳು ವನಜ, ಅವಳಿಲ್ಲದ ಮೇಲೆ ಅದು ಯಾರ ಕೆಲಸವೂ ಅಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅತ್ತೆಯವರು ಹುಣಸೆಹಣ್ಣು ಬಿಡಿಸುತ್ತಿದ್ದರು. ಕೂತ್ಕಳಿ ಎಂದರು. ಕೂತೆ. ಬಹಳ ಹೊತ್ತು ಬೀಜ ತೆಗೆಯುತ್ತಲೇ ಇದ್ದರು.

'ಅಳಿಯಂದ್ರೇ,' ಎಂದರು ಆಮೇಲೆ, 'ನನ್ ಮಗಳಿರೋ ಮನೆ ತುಮ್ಕೂರಲ್ಲದೆ. ನೀವು ಅಲ್ಲಿಗೋದ್ರೆ ಅಳಿಯ. ಇಲ್ಲೇ ಇದ್ರೆ ನಿಮ್ಮನ್ನ ನಾನು ಏನಂತ ಕರೀಲಪ್ಪ?'

ಕೋಪದಲ್ಲಿ ಹೇಳಿದ್ದಲ್ಲ. ನಿಜವಾಗಿಯೂ ಅವರಿಗೆ ಗೊತ್ತಿಲ್ಲ ಅಂತ ಕೇಳಿದ ಹಾಗಿತ್ತು. ಮಧ್ಯಾಹ್ನ ಈ ವಿಷಯ ನಡುಮನೆಗೆ ಬಂತು. ಚಿಕ್ಕ ಭಾವ, ಪಂಚಾಕ್ಷರಿ ಇಬ್ಬರೂ ನಾನು ಹೊರಡುವುದೇ ಸರಿ ಎಂದರು. ನಾನು ಬಂದಾಗಿನಿಂದ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಇದೇ ಮೊದಲು. ಈ ಮನೆಯಲ್ಲಿ ಒಗ್ಗಟ್ಟು ತಂದವನು ನಾನೇ ಎಂದು ಯಾರೂ ನೆನೆಯುವುದಿಲ್ಲ.

೧೮ ಏಪ್ರಿಲ್
ಕುಣಿಗಲ್

ಅಣ್ಣನ ಮನೆಗೆ ಬಂದಿದ್ದೇನೆ. ಯಾಕೋ ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದೆ ಎಂದೆ. ಅಣ್ಣ ಬಹಳ ಸಂತೋಷಪಟ್ಟ. ಅತ್ತಿಗೆ ಒಬ್ಬಟ್ಟು ಮಾಡಿದಳು. ಇವತ್ತು ಎರಡನೇ ದಿನ. ಬರುವ ಭಾನುವಾರ ಯಡಿಯೂರಿಗೆ ಹೋಗುತ್ತಿದ್ದೇವೆ, ಮನೆಗೆ ಬೀಗ ಹಾಕುತ್ತೇವೆ ಎಂದು ಅಣ್ಣ ನನಗೆ ಕೇಳುವ ಹಾಗೆ ಮಕ್ಕಳಿಗೆ ಹೇಳಿದ. ಅಣ್ಣ ಆ ಮಾತನ್ನು ಎರಡು ಸಲ ಹೇಳಿದ.

೨೨ ಏಪ್ರಿಲ್, ಭಾನುವಾರ
ತುಮಕೂರು

ಬಹಳ ಯೋಚನೆ ಮಾಡಿ, ತುಮಕೂರನ್ನು ಒಪ್ಪಿಕೊಳ್ಳಬಹುದು ಎಂದು ತೀರ್ಮಾನಿಸಿ ಬಂದೆ. ಬಸ್ಸಿನಲ್ಲಿ ಬರುತ್ತ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಅವಳ ತಪ್ಪು, ನನ್ನ ಕ್ಷಮೆ, ಮುಂದಿನ ವ್ಯವಸ್ಥೆ, ಹೀಗೆ ಮೂರು ಭಾಗ ಇತ್ತು.

ಬಾಗಿಲಿಗೆ ಬೀಗ. ಮಹಾಲಕ್ಷ್ಮಮ್ಮನವರು ಮುಂಭಾಗದಿಂದ ಬಂದು, ನಿಮಗೆ ಯಾರು ಬೇಕಾಗಿತ್ತು ಎಂದು ಕೇಳಿದರು. ಹೇಳಿದೆ. ನನ್ನನ್ನು ಹಿಂದೆ ನೋಡಿದ್ದು ಅವರಿಗೆ ನೆನಪಿರಲಿಲ್ಲ. ಆಯಮ್ಮನಿಗೆ ಇವತ್ತು ಸ್ಟಾಕು ಎಣಿಸುವ ಕೆಲಸ ಇದೆ, ಐದೂವರೆಗೆ ಬರುತ್ತಾರೆ ಎಂದರು. ಮೆಟ್ಟಿಲ ಮೇಲೆ ಕೂತೆ. ಬಿಸಿಲು ಕಾಲಿನಿಂದ ಗೋಡೆಗೆ ಹೋಯಿತು.

ಬಂದಳು. ಕೈಯಲ್ಲಿ ಟಿಫಿನ್ ಕ್ಯಾರಿಯರು, ಬೆರಳಿಗೆ ಗ್ರೀಸು ಹತ್ತಿದೆ. ಮೂರು ವಾರಕ್ಕೆ ಇಷ್ಟು ಬದಲಾಗಬಹುದೇ? ಇಲ್ಲ, ಬದಲಾಗಿಲ್ಲ, ತಲೆ ಎತ್ತಿ ನಡೆಯುತ್ತಿದ್ದಳು, ಅಷ್ಟೇ. ಅವಳ ನಡಿಗೆ ಹೀಗಿದೆ ಅಂತ ನಾನು ನೋಡಿರಲೇ ಇಲ್ಲ. ಭಾಷಣದ ಒಂದು ಭಾಗವೂ ನೆನಪಿಗೆ ಬರಲಿಲ್ಲ.

ನನ್ನನ್ನೂ ನನ್ನ ಚೀಲವನ್ನೂ ನೋಡಿದಳು. 'ಎಷ್ಟು ದಿನಕ್ಕೆ ಬಂದಿದೀರಿ?' ಎಂದು ಕೇಳಿದಳು.

ವ್ಯಂಗ್ಯ ಇರಲಿಲ್ಲ. ಬಂದ ನೆಂಟರನ್ನು ಯಾರಾದರೂ ಕೇಳುವ ಮಾತೇ. ನೋಡೋಣ ಎಂದೆ. ಅವಳು ಬೀಗ ತೆಗೆದು ಒಳಗೆ ಹೋದಳು. ಬನ್ನಿ ಅನ್ನಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಸ್ವಲ್ಪ ಹೊತ್ತು ಹೊರಗೆ ಇದ್ದು ಆಮೇಲೆ ಮುಂದಿನ ಕೋಣೆಯ ಚಾಪೆಯ ಮೇಲೆ ಕೂತುಕೊಂಡೆ. ಈಗಲೂ ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ಕೈ ತೊಳೆದ ಸದ್ದು, ಸೀಮೆಎಣ್ಣೆ ಸ್ಟೌ ಪಂಪು ಮಾಡಿದ ಸದ್ದು, ಆಮೇಲೆ ಅಕ್ಕಿ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿತು. ಪಾವಿನಲ್ಲಿ ಒಂದು ಸಲ ಅಳೆದು ಪಾತ್ರೆಗೆ ಹಾಕಿದಳು. ಅದು ಅವಳೊಬ್ಬಳ ರಾತ್ರಿಗೂ ನಾಳೆ ಬೆಳಗಿನ ಕ್ಯಾರಿಯರಿಗೂ ಆಗುವಷ್ಟು. ಆಮೇಲೆ ಸದ್ದಿಲ್ಲ. ಡಬ್ಬದ ಮುಚ್ಚಳ ಹಾಕಿದ ಸದ್ದೂ ಇಲ್ಲ. ನಾನು ಪೆನ್ನು ಎತ್ತಿ ಹಿಡಿದು ಕೂತೆ. ಈ ಜನ್ಮದಲ್ಲಿ ನಾನು ಯಾವ ಡೈಲಾಗಿಗೂ ಹೀಗೆ ಕಾದವನಲ್ಲ. ಅಷ್ಟು ಭಯವಾಯಿತು.

ಇನ್ನೊಂದು ಸಲ ಅಕ್ಕಿ ಬಿತ್ತು. ಪೂರ್ತಿ ಪಾವಲ್ಲ, ಅರ್ಧ. ಮುಚ್ಚಳ ಹಾಕಿದಳು. ನನ್ನ ಕಣ್ಣು ತುಂಬಿ ಅಕ್ಷರ ಕಾಣುತ್ತಿಲ್ಲ.

ಅರ್ಧ ಪಾವಿನಲ್ಲಿ ನನಗೆ ಹೊಟ್ಟೆ ತುಂಬುವುದಿಲ್ಲ. ಅದನ್ನು ಇವತ್ತು ಹೇಳುವುದಿಲ್ಲ.